ಮಡಗಾಸ್ಕರ್ ಕಳಚಿಕೊಂಡ ಜಾಗ

ಆರು ಮೂಲೆ! ಬೆರಳಿಟ್ಟು ಎಣಿಸಿದರೂ ಆರೇ. ಪಕ್ಕದ ಕಂಬಕ್ಕೆ ಐದು, ಅದರಾಚೆಯದಕ್ಕೆ ಮತ್ತೆ ಆರು, ಅಗೋ ಅಲ್ಲೊಂದಕ್ಕೆ ಏಳು. ಉಳಿ ಹಿಡಿದ ಶಿಲ್ಪಿ ಇಲ್ಲಿಗೆ ಬಂದವನಲ್ಲ, ನೂಲು ಹಿಡಿದು ಅಳೆದ ಮೇಸ್ತ್ರಿಯೂ ಇಲ್ಲ. ಆದರೂ ಕಂಬಕ್ಕೆ ಕಂಬ ಒತ್ತಿಕೊಂಡು, ಒಂದರ ಮೂಲೆಗೆ ಇನ್ನೊಂದರ ಮೂಲೆ ಕೂಡಿಕೊಂಡು, ಕಡಲಿನಿಂದ ನೆಟ್ಟಗೆ ಎದ್ದು ನಿಂತಿವೆ ಈ ಕಪ್ಪು ಕಲ್ಲುಗಳು. ಕೆಲವು ಆಳುದ್ದಕ್ಕೂ ಮೀರಿ ಬೆಳೆದಿವೆ, ಕೆಲವು ಮೆಟ್ಟಿಲಿನಷ್ಟೇ ಎತ್ತರ. ಅಲೆ ಬಂದು ಬಡಿದಾಗ ಕಂಬಗಳ ಸಂದಿಯಿಂದ ನೀರು ನೊರೆಯಾಗಿ ಚಿಮ್ಮುತ್ತದೆ, ಹಿಂದೆ ಸರಿದಾಗ ಕಲ್ಲಿನ ನೆತ್ತಿಗಳೆಲ್ಲ ಬಿಸಿಲಿಗೆ ಥಳಥಳ ಹೊಳೆಯುತ್ತವೆ. ಇಷ್ಟನ್ನು ನೋಡಿಯೇ ಮಾತು ಹೊರಡದೆ ನಿಂತುಬಿಡಬಹುದು. ಇವು ಹುಟ್ಟಿದ ಕಥೆ ಗೊತ್ತಾದ ಮೇಲಂತೂ ಕಾಲಡಿಯ ನೆಲವೇ ಬೇರೆಯಾಗಿ ಕಾಣತೊಡಗುತ್ತದೆ.

ಜಾಗ ದೂರದ್ದೇನಲ್ಲ. ಉಡುಪಿಯ ಮಲ್ಪೆ ಬಂದರಿನಿಂದ ಕಡಲಿನಲ್ಲಿ ಆರೇಳು ಕಿಲೋಮೀಟರು ಹೋದರೆ ಸೇಂಟ್ ಮೇರೀಸ್ ದ್ವೀಪ. ಊರಿನ ಹಳಬರ ಬಾಯಲ್ಲಿ ಅದು ತೋನ್ಸೆಪಾರ್. ಧಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ಮೀನುಗಾರಿಕೆ ಬೋಟುಗಳು, ಐಸು ತುಂಬುವ ಗದ್ದಲ, ಬಂಗುಡೆ ಬೂತಾಯಿಗಳ ವಾಸನೆ ಎಲ್ಲ ಹಿಂದಾಗಿ, ಅಳಿವೆ ದಾಟಿ ಬೋಟು ತೆರೆದ ಕಡಲಿಗೆ ಮೂಗು ತೂರಿಸುತ್ತಿದ್ದಂತೆ ಪಶ್ಚಿಮದಲ್ಲಿ ತೆಂಗಿನ ತಲೆಗಳ ಒಂದು ಸಣ್ಣ ಹಸಿರು ಗೆರೆ ಕಾಣುತ್ತದೆ. ಹತ್ತಿರವಾದ ಹಾಗೆ ಆ ಹಸಿರಿನ ಕೆಳಗೆ ಕಪ್ಪು ಗೆರೆ, ಕಪ್ಪಿನ ಕೆಳಗೆ ಬಿಳಿ ನೊರೆ. ದೊಡ್ಡ ಬೋಟಿಗೆ ದಡದವರೆಗೂ ಹೋಗುವಷ್ಟು ಆಳವಿಲ್ಲ. ತುಸು ದೂರದಲ್ಲೇ ನಿಲ್ಲಿಸಿ, ಓಲಾಡುವ ಚಿಕ್ಕ ದೋಣಿಗೆ ಇಳಿಸುತ್ತಾರೆ. ಮಳೆಗಾಲದಲ್ಲಿ ಈ ದಾರಿ ಪೂರ್ತಿ ಬಂದ್. ಆಗ ದ್ವೀಪಕ್ಕೆ ಕಡಲೊಂದೇ ನೆಂಟ.

ಇಲ್ಲಿ ಮನೆಯಿಲ್ಲ, ಊರಿಲ್ಲ, ರಾತ್ರಿ ಉಳಿಯುವವರಿಲ್ಲ. ಸಂಜೆಯಾಗುತ್ತಲೇ ಎಲ್ಲರೂ ಬೋಟು ಹತ್ತಲೇಬೇಕು. ದ್ವೀಪ ಎಂದು ಒಂದೇ ಹೆಸರಿನಿಂದ ಕರೆದರೂ ಇದು ಉತ್ತರ ದಕ್ಷಿಣವಾಗಿ, ಕರಾವಳಿಗೆ ಸಮಾನಾಂತರವಾಗಿ ಹರಡಿದ ಒಂದು ಸರಪಳಿ. ದೊಡ್ಡವು ನಾಲ್ಕು, ಉಳಿದವು ಬಂಡೆಗಳು. ದರಿಯಾ ಬಹದ್ದೂರ್‌ಗಡ ಎಂಬ ಹೆಸರಿನ ದ್ವೀಪವೂ ಇದೇ ಸಾಲಿನದು. ಜನ ಹೋಗುವುದು ಕೋಕೋನಟ್ ಐಲ್ಯಾಂಡ್ ಎಂಬ ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನ ಆಸುಪಾಸು. ಮೇರಿಯ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ ಎನ್ನುವುದು ರೂಢಿಯ ಮಾತು. 1498ರಲ್ಲಿ ಅವನು ಇಲ್ಲೊಂದು ಶಿಲುಬೆಯ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನಂತೆ. ಇರಲಿ. ಅವನು ಕಂಬ ನೆಡುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಇಲ್ಲಿ ಕಂಬಗಳಿದ್ದವು!

ಆ ಕಂಬಗಳು ಎದ್ದದ್ದಾದರೂ ಹೇಗೆ? ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ನೋಡಿದ್ದೀರಲ್ಲ, ಕೆಸರು ಒಣಗುತ್ತ ಕುಗ್ಗಿ, ಕುಗ್ಗುವುದಕ್ಕೆ ಎಡೆಯಿಲ್ಲದೆ ಬಿರಿಯುತ್ತದೆ. ಭೂಮಿಯೊಳಗಿನಿಂದ ಉಕ್ಕಿದ ಲಾವಾ ತಣಿಯುವಾಗಲೂ ಹೀಗೇ ಕುಗ್ಗುತ್ತದೆ, ಬಿರಿಯುತ್ತದೆ. ಆದರೆ ಕೆರೆಯ ಕೆಸರಿನ ಬಿರುಕು ತೆಳು ಪದರದಲ್ಲೇ ಮುಗಿಯುತ್ತದೆ, ಹೆಚ್ಚಾಗಿ ನಾಲ್ಕು ಮೂಲೆಯ ಹೆಂಟೆಗಳಾಗಿ. ಲಾವಾದಲ್ಲಿ ಅದು ಮುಗಿಯುವುದಿಲ್ಲ. ಮೇಲ್ಮೈ ಮೊದಲು ತಣಿದು ಬಿರಿಯುತ್ತದೆ. ತಂಪು ಒಳಗಿಳಿದ ಹಾಗೆಲ್ಲ ಬಿರುಕೂ ಅದರ ಬೆನ್ನು ಹತ್ತಿ ಒಳಗಿಳಿಯುತ್ತದೆ. ಇಳಿಯುತ್ತ ಇಳಿಯುತ್ತ ಒಂದು ವಿಚಿತ್ರ ನಡೆಯುತ್ತದೆ. ಮೇಲೆ ಅಡ್ಡಾದಿಡ್ಡಿಯಾಗಿ ಕೂಡಿದ ಬಿರುಕುಗಳು ಆಳಕ್ಕೆ ಹೋದಂತೆ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಮೂರು ಬಿರುಕುಗಳು ಒಂದೆಡೆ ಸೇರುವಲ್ಲಿ ಪ್ರತಿ ಕೋನವೂ 120 ಡಿಗ್ರಿಯತ್ತ ಸರಿಯುತ್ತದೆ, ಏಕೆಂದರೆ ಕುಗ್ಗುವ ಕಲ್ಲಿನ ಬಿಗಿತ ಅತಿ ಕಡಿಮೆ ಬಿರುಕಿನಲ್ಲಿ ಸಡಿಲವಾಗುವುದು ಆಗಲೇ. 120 ಡಿಗ್ರಿಯ ಕೋನಗಳನ್ನು ಜೋಡಿಸುತ್ತ ಹೋಗಿ, ಬರುವುದು ಷಡ್ಭುಜವೇ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಅಳೆದದ್ದಲ್ಲ, ಬರಿಯ ತಣಿಯುವಿಕೆ ಬರೆದ ರೇಖಾಗಣಿತ! ನಿಧಾನವಾಗಿ ತಣಿದರೆ ದಪ್ಪ ಕಂಬ, ಬೇಗ ತಣಿದರೆ ತೆಳ್ಳನೆಯದು. ಬಿರುಕು ಒಂದೇ ಓಟಕ್ಕೆ ಇಳಿಯುವುದೂ ಇಲ್ಲ. ತುಸು ಇಳಿದು ನಿಂತು, ಕೆಳಗಿನ ಕಲ್ಲು ಸಾಕಷ್ಟು ತಣಿದ ಮೇಲೆ ಮತ್ತೆ ತುಸು ಇಳಿಯುತ್ತದೆ. ಇಂಥ ಕಂಬಗಳ ಪಕ್ಕೆಯ ಮೇಲಿನ ಅಡ್ಡ ಪಟ್ಟಿಗಳು ಆ ಒಂದೊಂದು ಹೆಜ್ಜೆಯ ಗುರುತು. ಬೆರಳಾಡಿಸಿದರೆ, ಬೆಂಕಿ ಆರುತ್ತಾ ಬಂದ ಕಾಲವನ್ನೇ ಸವರಿದಂತಾಗುತ್ತದೆ.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಕಂಬಗಳು ಜಗತ್ಪ್ರಸಿದ್ಧ, ಅಲ್ಲಿಗೆ ಹೋಗಿ ಬಂದವರು ಕಥೆ ಕಥೆಯಾಗಿ ಹೇಳುತ್ತಾರೆ. ನಮ್ಮ ಮಲ್ಪೆಯ ಕಂಬಗಳು ಅವುಗಳಿಗಿಂತ ಹಳೆಯವು. ಬಹಳ ಕಾಲ ಇವನ್ನು ಬಸಾಲ್ಟ್ ಎಂದೇ ಕರೆಯುತ್ತಿದ್ದರು. ರಾಸಾಯನಿಕವಾಗಿ ಪರೀಕ್ಷಿಸಿದ ಭೂವಿಜ್ಞಾನಿಗಳು ಇದರಲ್ಲಿ ಸಿಲಿಕಾ ಹೆಚ್ಚು, ಇದು ರಯೋಲೈಟ್ ಮತ್ತು ಡೇಸೈಟ್ ಜಾತಿಯ ಕಲ್ಲು ಎಂದರು. ಅಂದರೆ ನೀರಿನಂತೆ ಸಲೀಸಾಗಿ ಹರಿಯುವ ಲಾವಾ ಅಲ್ಲ, ಅಂಟಂಟಾದ ಮಂದ ಲಾವಾ. ವಿಜಯಪುರ ಬೆಳಗಾವಿ ಕಡೆಯ ಕರಿಕಲ್ಲಿನ ನಾಡು, ಎಂದರೆ ದಖ್ಖನ್ನಿನ ಮಹಾ ಲಾವಾ ಹಾಸು, ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ದ್ವೀಪದ ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಅದು ಉಕ್ಕುವ ಹೊತ್ತಿಗೆ ಇದು ಆರಿ ಎರಡು ಕೋಟಿ ವರ್ಷಗಳೇ ಕಳೆದಿದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಪಿಕ್ನಿಕ್ಕಿಗೆ ಬಂದವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ! ಗೊತ್ತಾಗಬೇಕು. ಶಾಲೆಯ ಮಕ್ಕಳನ್ನಂತೂ ಇಲ್ಲಿ ನಿಲ್ಲಿಸಿ, ಕಂಬ ಮುಟ್ಟಿಸಿ ಹೇಳಬೇಕು.

ಏನು ಹೇಳಬೇಕು? ಇದನ್ನು: ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲಿ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಇರಲಿಲ್ಲ. ಇದ್ದದ್ದು ಮಡಗಾಸ್ಕರ್! ಗೊಂಡ್ವಾನ ಎಂಬ ಮಹಾಖಂಡ ಚೂರುಚೂರಾಗುತ್ತಿದ್ದ ಕಾಲ ಅದು. ಆಫ್ರಿಕದಿಂದ ಒಟ್ಟಿಗೇ ಕಳಚಿಕೊಂಡು ಬಂದ ಭಾರತ, ಮಡಗಾಸ್ಕರ್, ಸೇಶೆಲ್ಸ್ ಇನ್ನೂ ಮೈಗೆ ಮೈ ಅಂಟಿಸಿಕೊಂಡಿದ್ದವು. ಕೆಳಗಿನಿಂದ ಬಿಸಿ ಏರಿತು, ನೆಲ ಹಿಗ್ಗಿತು, ಸೀಳಿತು. ಆ ಸೀಳಿನುದ್ದಕ್ಕೂ ಲಾವಾ ಉಕ್ಕಿತು. ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲಿ ಅದೇ ಕಾಲದ ಲಾವಾ ಇದೆ. ಅದರ ಈಚೆ ಬದಿಯ ಗುರುತಾಗಿ ನಮಗೆ ಉಳಿದದ್ದು ಮಲ್ಪೆಯೆದುರಿನ ಈ ಪುಟ್ಟ ದ್ವೀಪಗಳು, ಜೊತೆಗೆ ಕರ್ನಾಟಕ ಕೇರಳಗಳ ಒಳನಾಡಿನಲ್ಲಿ ಹಳೆಯ ಬಂಡೆಗಳ ನಡುವೆ ತೂರಿ ಗಟ್ಟಿಯಾದ ಅದೇ ವಯಸ್ಸಿನ ಕೆಲವು ಕರಿಗಲ್ಲಿನ ಗೋಡೆಗಳು. ಆಮೇಲೆ ಭಾರತ ಸೇಶೆಲ್ಸನ್ನೂ ದಾರಿಯಲ್ಲಿ ಬಿಟ್ಟು ಉತ್ತರಕ್ಕೆ ಓಡಿತು, ಏಷ್ಯಾಕ್ಕೆ ಢಿಕ್ಕಿ ಹೊಡೆಯಿತು, ಹಿಮಾಲಯ ಎದ್ದಿತು. ಈ ಕಂಬಗಳು ಗಟ್ಟಿಯಾದಾಗ ಹಿಮಾಲಯ ಹುಟ್ಟಿಯೇ ಇರಲಿಲ್ಲ, ಡೈನೋಸಾರುಗಳು ಓಡಾಡುತ್ತಿದ್ದವು. ಇಂದು ಇಲ್ಲಿಂದ ಮಡಗಾಸ್ಕರಿಗೆ ಸುಮಾರು 4,000 ಕಿಲೋಮೀಟರು ನೀರು.

ಇದೆಲ್ಲ ಕಲ್ಪನೆಯ ಮಾತಲ್ಲ, ಕಲ್ಲೇ ಕೊಟ್ಟ ಸಾಕ್ಷಿ. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಸೂಕ್ಷ್ಮ ಖನಿಜಗಳು ಭೂಮಿಯ ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದು ಹಾಗೇ ಸೆರೆಯಾಗುತ್ತವೆ. ಕಾಂತಕ್ಷೇತ್ರ ನೆಲಕ್ಕೆ ಎಷ್ಟು ಓರೆಯಾಗಿದೆ ಎನ್ನುವುದು ಅಕ್ಷಾಂಶದಿಂದ ಅಕ್ಷಾಂಶಕ್ಕೆ ಬದಲಾಗುವುದರಿಂದ, ಕಲ್ಲಿನಲ್ಲಿ ಸೆರೆಯಾದ ಓರೆಯನ್ನು ಅಳೆದರೆ ಆ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ. ಈ ದ್ವೀಪದ ಕಲ್ಲಿನಲ್ಲಿ ವಿಜ್ಞಾನಿಗಳು ಅದನ್ನು ಅಳೆದಿದ್ದಾರೆ. ಉತ್ತರ ಸಿಕ್ಕಿದ್ದು ಭೂಮಧ್ಯರೇಖೆಯ ಆ ಬದಿ, ದಕ್ಷಿಣ ಗೋಳಾರ್ಧದಲ್ಲಿ! ಒಳಗಿನ ಪೊಟ್ಯಾಸಿಯಂ, ಯುರೇನಿಯಂಗಳ ಕ್ಷಯವನ್ನು ಲೆಕ್ಕ ಹಾಕಿ ವಯಸ್ಸನ್ನೂ ತೆಗೆದಿದ್ದಾರೆ. ಬೇರೆ ಬೇರೆ ವಿಧಾನಗಳ ಉತ್ತರಗಳು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ಚಿಲ್ಲರೆ ವರ್ಷಗಳ ನಡುವೆ ಬರುತ್ತವೆ. ಮಡಗಾಸ್ಕರಿನ ಲಾವಾದ ವಯಸ್ಸೂ ಅಷ್ಟೇ.

ಈಗ ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ. ಮಳೆ ನಿಂತು ಗಾಳಿ ತೊಳೆದಿಟ್ಟ ದಿನಗಳಲ್ಲಿ ಬರಬೇಕು ಇಲ್ಲಿಗೆ. ಮರಳಿನ ಗೆರೆ, ಅದರ ಮೇಲೆ ತೆಂಗಿನ ಗೆರೆ, ಅದರ ಹಿಂದೆ ನೀಲಿಗಟ್ಟಿದ ಘಟ್ಟ. ಹಳೆಯ ನಾವಿಕರಿಗೆ ಕಡಲಿನಿಂದಲೇ ಗುರುತಾಗಿದ್ದ ಕುದುರೆಮುಖ ಆ ಸಾಲಿನದೇ, ಎತ್ತರ 1,890 ಮೀಟರಿಗೂ ತುಸು ಹೆಚ್ಚು. ನಮ್ಮ ಕರಾವಳಿ ಇಷ್ಟು ನೇರವಾಗಿರುವುದೇಕೆ, ಕಡಲಿಗೆ ಇಷ್ಟು ಹತ್ತಿರ ಇಷ್ಟು ಕಡಿದಾದ ಘಟ್ಟ ಏಕೆ ಎಂದು ಯಾವತ್ತಾದರೂ ಅನಿಸಿದ್ದುಂಟೇ? ಖಂಡವೊಂದು ಸೀಳಿ ದೂರ ಸರಿದ ಅಂಚು ಇದು. ಘಟ್ಟದ ಈ ಕಡಿದಾದ ಮುಖ ಮೂಡಿದ್ದು ಅಂಥ ಸೀಳುವಿಕೆಗಳ ಪರಿಣಾಮವಾಗಿ, ಆಮೇಲೆ ಕೋಟಿ ಕೋಟಿ ವರ್ಷಗಳ ಮಳೆ ಅದನ್ನು ಕೊರೆಯಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಮಡಗಾಸ್ಕರಿನ ಪೂರ್ವ ದಂಡೆಯೂ ಹೀಗೇ ನೇರ, ಅಲ್ಲೂ ಕಡಲಿನ ಬೆನ್ನಿಗೆ ಕಡಿದಾದ ಏರು. ಹರಿದ ಕಾಗದದ ಎರಡು ತುದಿಗಳು!

ಆದರೆ ಈ ಕಂಬಗಳು ದ್ವೀಪವಾದದ್ದು ಮಾತ್ರ ತೀರಾ ಇತ್ತೀಚೆಗೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉಚ್ಛ್ರಾಯದಲ್ಲಿದ್ದಾಗ, ನೀರೆಲ್ಲ ಧ್ರುವಗಳ ಕಡೆ ಹಿಮವಾಗಿ ಕಟ್ಟಿಕೊಂಡು ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ದಂಡೆ ಎಷ್ಟೋ ಮೈಲು ಪಶ್ಚಿಮಕ್ಕೆ ಸರಿದಿತ್ತು. ಈಗ ಬೋಟು ಹೋಗುವ ದಾರಿಯಲ್ಲಿ ಆಗ ನಡೆದೇ ಬರಬಹುದಿತ್ತು. ಇವು ಬಯಲಿನ ನಡುವಿನ ಕುಳ್ಳ ಗುಡ್ಡಗಳು. ಹಿಮ ಕರಗಿತು, ಕಡಲು ಏರಿ ಬಂದು ಸುತ್ತುವರಿಯಿತು. ಇನ್ನೂ ಹೊಸ ನೆಲ ನೋಡಬೇಕೆಂದರೆ, ಇಲ್ಲಿಂದ ಉತ್ತರಕ್ಕೆ, ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವಲ್ಲಿ, ಕೋಡಿಬೆಂಗ್ರೆ ಎಂಬ ಅದ್ಭುತ ಊರಿದೆ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಒಂದು ರಸ್ತೆ ಮತ್ತು ಮನೆಗಳಿಗಷ್ಟೇ ಸಾಲುವ ಮರಳಿನ ನಾಲಗೆ. ಆ ಮರಳಿನ ದಿಬ್ಬಕ್ಕೆ ಹೆಚ್ಚೆಂದರೆ ಕೆಲವು ಸಾವಿರ ವರ್ಷ. ಉಡುಪಿಯ ನೆಲದಡಿಯ ಹಳೆಯ ಬಂಡೆಯೋ, 200 ಕೋಟಿ ವರ್ಷಕ್ಕೂ ಹಿಂದಿನದು. ನಡುವೆ ಈ ಕಂಬಗಳು. ಮೂರೂ ಅರ್ಧ ದಿನದ ತಿರುಗಾಟದೊಳಗೇ ಸಿಗುತ್ತವೆ.

ದ್ವೀಪದ ಪಶ್ಚಿಮ ಬದಿಗೆ ಹೋದರೆ ಮರಳೇ ಇಲ್ಲ, ಬರೀ ಚಿಪ್ಪು! ಕಪ್ಪೆಚಿಪ್ಪು, ಮರುವಾಯಿ ಚಿಪ್ಪು, ಸುರುಳಿ ಶಂಖಗಳ ಚೂರು, ನಸುಗೆಂಪು, ಹಳದಿ, ಹಾಲುಬಿಳಿ. ಕಾಲಿಟ್ಟಲ್ಲೆಲ್ಲ ಕರಕರ ಸದ್ದು, ಅಲೆ ಹಿಂದೆ ಸರಿದಾಗ ಲಕ್ಷ ಚೂರುಗಳು ಉರುಳುತ್ತ ಕಿಣಿಕಿಣಿ. ಕೂತು ಒಂದು ಬೊಗಸೆ ಎತ್ತಿಕೊಂಡರೆ ಒಂದರಂತೆ ಇನ್ನೊಂದಿಲ್ಲ. ನೋಡಿ ಅಲ್ಲೇ ಬಿಡಿ, ಚೀಲಕ್ಕೆ ತುಂಬಬೇಡಿ. ಕಂಬಗಳ ಸಂದಿಯ ಉಪ್ಪುನೀರಿನ ಸಣ್ಣ ಗುಂಡಿಗಳಲ್ಲಿ ಏಡಿಮರಿಗಳು ನೆರಳು ಕಂಡರೆ ಸಾಕು, ಓರೆಯಾಗಿ ಓಡಿ ಮರೆಯಾಗುತ್ತವೆ. ಒದ್ದೆ ಬಂಡೆಯ ಅಂಚಿಗೆ ಒಂದು ಹೆಜ್ಜೆ ಹೆಚ್ಚು ಇಟ್ಟದ್ದೇ ತಡ, "ಅಲ್ಲಿ ಕಾಲಿಡ್ಬೇಡಿ ಮಾರಾಯ್ರೆ, ಪಾಚಿ ಉಂಟು, ಜಾರ್ತದೆ!" ಎಂದು ದೋಣಿಯವರ ಕೂಗು. ಅವರ ಮಾತು ಕೇಳಲೇಬೇಕು. ಕಂಬಗಳ ಬುಡದಲ್ಲಿ ನೀರಿನ ಸೆಳೆತ ಜೋರು. ಫೋಟೋದ ಆಸೆಗೆ ಅಂಚಿಗೆ ಹೋದವರನ್ನು ಈ ಕಡಲು ಎಳೆದುಕೊಂಡದ್ದಿದೆ. ಇನ್ನು ಬಾಟಲಿ, ಕುರುಕಲಿನ ಪೊಟ್ಟಣಗಳನ್ನು ಕಂಬಗಳ ಸಂದಿಗೆ ತುರುಕುವವರನ್ನು, ಕಲ್ಲಿನ ಮೇಲೆ ಹೆಸರು ಗೀಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಂಬತ್ತು ಕೋಟಿ ವರ್ಷ ಉಳಿದು ಬಂದ ಅಂಚು ಚೂಪಾಗಿಯೇ ಇದೆ, ಅದರ ಮೇಲೆ ನಮ್ಮ ಹೆಸರೇಕೆ?

ಉಬ್ಬರದಲ್ಲಿ ಹೋದರೆ ಅರ್ಧ ಕಥೆ ನೀರಿನಡಿ ಇರುತ್ತದೆ. ಇಳಿತದ ಹೊತ್ತು ಕೇಳಿಕೊಂಡೇ ಹೊರಡಿ. ಆಗ ಕಂಬಗಳು ಬುಡದವರೆಗೂ ಕಾಣುತ್ತವೆ, ಸವೆದು ಚಪ್ಪಟೆಯಾದ ಕೆಳಗಿನ ಹಾಸಿನಲ್ಲಿ ಷಡ್ಭುಜಗಳ ನೆತ್ತಿಗಳು ಒಂದಕ್ಕೊಂದು ಕೂಡಿಕೊಂಡು ನೆಲಕ್ಕೆ ಕಲ್ಲು ಹಾಸಿದಂತೆ ಹರಡಿರುತ್ತವೆ. ದ್ವೀಪದ ಮೈಯೇ ಮೆಟ್ಟಿಲು ಮೆಟ್ಟಿಲಾಗಿದೆ. ಅತಿ ಎತ್ತರದ ಜಾಗ ಕಡಲ ಮಟ್ಟದಿಂದ ಹತ್ತು ಮೀಟರಿನಷ್ಟು, ಅಲ್ಲಿಂದ ಕೆಳಕ್ಕೆ ಒಂದರ ಕೆಳಗೊಂದು ಅಲೆ ಕೊರೆದ ಜಗಲಿಗಳು.

ಮತ್ತೆ ಆ ಬೆಂಕಿ? ಭೂಮಿಯ ಆಳದಿಂದ ಏರಿ ಬಂದು ಭಾರತವನ್ನೂ ಮಡಗಾಸ್ಕರನ್ನೂ ಅಗಲಿಸಿ ಈ ಕಂಬಗಳನ್ನು ಎರಕ ಹೊಯ್ದ ಬಿಸಿಯ ಚಿಲುಮೆ ಎಲ್ಲಿ ಹೋಯಿತು ಎಂದು ವಿಜ್ಞಾನಿಗಳು ಹುಡುಕಿದ್ದಾರೆ. ಮೇಲಿನ ಖಂಡಗಳು ಸರಿದು ಹೋದವು, ಕೆಳಗಿನ ಬಿಸಿ ಸುಮಾರಾಗಿ ತನ್ನ ಜಾಗದಲ್ಲೇ ಉಳಿಯಿತು. ಅವರು ಬೆರಳು ಮಾಡುವುದು ಹಿಂದೂ ಮಹಾಸಾಗರದ ದಕ್ಷಿಣದ ದೂರದ ಮೂಲೆಯತ್ತ, 46 ಡಿಗ್ರಿ ದಕ್ಷಿಣ ಅಕ್ಷಾಂಶವನ್ನೂ ದಾಟಿ, ಮರಿಯನ್ ಎಂಬ ಇನ್ನೊಂದು ದ್ವೀಪದತ್ತ. ದಕ್ಷಿಣ ಆಫ್ರಿಕಕ್ಕೆ ಸೇರಿದ ಅದರಲ್ಲೂ ಊರಿಲ್ಲ. ಸಂಶೋಧಕರ ಒಂದು ಠಾಣೆ, ಪೆಂಗ್ವಿನ್‌ಗಳು, ಸೀಲ್‌ಗಳು, ಆಲ್ಬಟ್ರಾಸ್ ಹಕ್ಕಿಗಳು, ಗಾಳಿ. ಅಲ್ಲಿನ ಜ್ವಾಲಾಮುಖಿ ಎಂದೋ ಸತ್ತದ್ದು ಎಂದುಕೊಂಡಿದ್ದರು. 1980ರಲ್ಲಿ ಅದು ಲಾವಾ ಉಗುಳಿತು, 2004ರಲ್ಲಿ ಇನ್ನೊಮ್ಮೆ.