ತಿದ್ದುವ ಕೈಗೂ ಒಂದು ಸರದಿ

ಬರವಣಿಗೆ ಕಲಿಸುವ ಬಗ್ಗೆ ಮುಂದೆ ಪುಸ್ತಕಗಳನ್ನು ಬರೆದ ಪೀಟರ್ ಎಲ್ಬೋ ಅವರಿಗೆ ಮೊದಲು ಬರೆಯಲು ಬರುತ್ತಿತ್ತು, ಆಮೇಲೆ ಬರದಂತಾಯಿತು. ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದ ಅವರು ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ಪದ್ಧತಿಯಂತೆ ಪ್ರಬಂಧ ಬರೆದುಕೊಂಡು ಹೋಗಿ ಟ್ಯೂಟರ್ ಎದುರು ಕೂರಬೇಕು. ಟೀಕೆ ಮೊನಚಾಗಿತ್ತು. ಕ್ರಮೇಣ ಪ್ರಬಂಧ ಬರೆಯುವುದೇ ನಿಂತುಹೋಯಿತು. ಹಾರ್ವರ್ಡಿನಲ್ಲಿ ಪಿಎಚ್‌ಡಿಗೆ ಸೇರಿದಾಗಲೂ ಅದೇ ಪಾಡು. ಅವರೇ ಓದು ಬಿಟ್ಟು ಹೊರಬಂದರು.

ಕೆಲವು ವರ್ಷ ಪಾಠ ಹೇಳಿದರು. ಪಾಠ ಹೇಳುವವರು ಯಾರಿಗೂ ಪ್ರಬಂಧ ಒಪ್ಪಿಸಬೇಕಿಲ್ಲ, ಹಾಗಾಗಿ ಗಾಯ ಕೆದರಲಿಲ್ಲ. 1960ರ ದಶಕದ ನಡುವಿನಲ್ಲಿ ಮತ್ತೆ ಪಿಎಚ್‌ಡಿಗೆಂದು ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಹಳೆಯ ಭಯವೂ ಜೊತೆಗೇ ಬಂತು. ಈ ಸಲ ಅವರು ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು: ಒಪ್ಪಿಸುವ ದಿನಕ್ಕೆ ಒಂದು ವಾರ ಮೊದಲೇ, ಎಷ್ಟೇ ಕೆಟ್ಟದಾಗಿರಲಿ, ಪೂರ್ತಿ ಕರಡು ಕೈಯಲ್ಲಿರಬೇಕು. ಅದರ ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆಯಿತು. ಬರವಣಿಗೆ ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲೇ ಪ್ರಬಂಧವನ್ನು ಪಕ್ಕಕ್ಕಿಟ್ಟು, ಸಿಕ್ಕಿಹಾಕಿಕೊಂಡದ್ದರ ಬಗ್ಗೆಯೇ ಬರೆದಿಡುವುದು. ಈಗ ಏನು ಮಾಡುತ್ತಿದ್ದೆ, ಯಾವ ವಾಕ್ಯದಲ್ಲಿ ನಿಂತೆ, ನಿಂತಾಗ ಮನಸ್ಸು ಏನು ಹೇಳುತ್ತಿತ್ತು? ಯಾರಿಗೂ ತೋರಿಸಲೆಂದು ಬರೆದ ಟಿಪ್ಪಣಿಗಳಲ್ಲ ಅವು. ಆದರೆ ಅವರು ಮುಂದೆ ಹೇಳಿದ್ದಕ್ಕೆಲ್ಲ ಬೀಜ ಅಲ್ಲಿತ್ತು.

ಆ ಟಿಪ್ಪಣಿಗಳಿಂದ ತಿಳಿದದ್ದು ಇದು. ಬರೆಯುವವನು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿರುತ್ತಾನೆ. ಒಂದು, ಮಾತು ಹುಟ್ಟಿಸುವುದು. ಅದಕ್ಕೆ ಧಾರಾಳತನ ಬೇಕು. ಸರಿಯಾದದ್ದೂ ತಪ್ಪಾದದ್ದೂ ಒಟ್ಟಿಗೇ ಬರಲು ಬಿಡಬೇಕು. ಇನ್ನೊಂದು, ಬಂದದ್ದನ್ನು ತೂಗುವುದು. ಅದಕ್ಕೆ ನಿಷ್ಠುರ ಕಣ್ಣು ಬೇಕು. ಎರಡೂ ಒಂದೇ ಗಳಿಗೆಯಲ್ಲಿ ನಡೆದರೆ ಅರ್ಧ ವಾಕ್ಯ ಹುಟ್ಟುವಷ್ಟರಲ್ಲಿ ಅದರ ತಪ್ಪು ಕಾಣುತ್ತದೆ, ಉಳಿದರ್ಧ ಹುಟ್ಟುವುದೇ ಇಲ್ಲ. ಆತ್ಮವಿಮರ್ಶೆ ಇಲ್ಲದವರಿಗೆ ಈ ರೋಗ ಬರುವುದಿಲ್ಲ. ಓದಿಕೊಂಡವರಿಗೆ, ಒಳ್ಳೆಯ ಬರಹ ಯಾವುದೆಂದು ಬಲ್ಲವರಿಗೇ ಬರುತ್ತದೆ.

ಇದೇ ಹೊತ್ತಿಗೆ ಬೇರೊಂದು ಊರಿನಲ್ಲಿ ಇನ್ನೊಬ್ಬರು ಇದೇ ಬಾಗಿಲು ತಟ್ಟಿದ್ದರು. ವೆಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದ ಕೆನ್ ಮೆಕ್ರೋರಿ ಅವರಿಗೆ ವಿದ್ಯಾರ್ಥಿಗಳ ಪ್ರಬಂಧ ಓದಿ ಓದಿ ರೋಸಿಹೋಗಿತ್ತು. ಎಲ್ಲರದೂ ಜೀವವಿಲ್ಲದ, ಮೇಷ್ಟರನ್ನು ಮೆಚ್ಚಿಸಲೆಂದೇ ಹೊಸೆದ ಭಾಷೆ. 1964ರಲ್ಲಿ ಒಂದು ದಿನ, ಮನೆಗೆ ಹೋಗಿ ಹತ್ತು ನಿಮಿಷ ನಿಲ್ಲಿಸದೆ ಮನಸ್ಸಿಗೆ ಬಂದದ್ದನ್ನು ಬರೆದು ತನ್ನಿ ಎಂದರು. ವಿದ್ಯಾರ್ಥಿಗಳು ತಂದ ಹಾಳೆಗಳಲ್ಲಿ ಅದುವರೆಗೆ ಕೇಳದ ದನಿಗಳಿದ್ದವು. ಎಲ್ಬೋ ಮೆಕ್ರೋರಿ ಅವರ ಋಣವನ್ನು ಮರೆಮಾಚಲಿಲ್ಲ. ಇನ್ನೂ ಹಿಂದೆ, 1934ರಲ್ಲೇ, ಲೇಖಕಿ ಡೊರೊಥಿಯಾ ಬ್ರಾಂಡ್ ತಮ್ಮ ಪುಸ್ತಕದಲ್ಲಿ ಬೆಳಗ್ಗೆ ಎದ್ದ ಕೂಡಲೇ ಬರೆಯಿರಿ ಎಂದು ಹೇಳಿದ್ದರು.

1973ರಲ್ಲಿ ಎಲ್ಬೋ ಅವರ ‘ರೈಟಿಂಗ್ ವಿದೌಟ್ ಟೀಚರ್ಸ್’ ಬಂತು. ಪ್ರಕಟಿಸಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ. ಅದರಲ್ಲಿನ ಅಭ್ಯಾಸ ಸರಳ: ಹತ್ತು ನಿಮಿಷ ಕೈ ನಿಲ್ಲಬಾರದು, ಹಿಂತಿರುಗಿ ಓದಬಾರದು, ಕಾಗುಣಿತ ನೋಡಬಾರದು. ಏನೂ ತೋಚದಿದ್ದರೆ ಏನೂ ತೋಚುತ್ತಿಲ್ಲ ಎಂದೇ ಬರೆಯಬೇಕು. ಬಹಳ ಮಂದಿ ಇಷ್ಟನ್ನೇ ಹಿಡಿದು, ಎಲ್ಬೋ ಒಳಗಿನ ವಿಮರ್ಶಕನನ್ನು ಓಡಿಸಿಬಿಟ್ಟರು ಎಂದುಕೊಂಡರು. ಪುಸ್ತಕವನ್ನು ಪೂರ್ತಿ ಓದಿದರೆ ಹಾಗೆನಿಸುವುದಿಲ್ಲ. ಒಂದಿಷ್ಟು ಹೊತ್ತು ಬರೆದ ಮೇಲೆ ನಿಂತು, ಇದರ ತಿರುಳೇನು ಎಂದು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಆ ವಾಕ್ಯ ಹಿಡಿದು ಮತ್ತೆ ಹೊಸದಾಗಿ ಬರೆಯಬೇಕು. ಕೊನೆಗೆ ನಿರ್ದಯವಾಗಿ ಕತ್ತರಿಸಬೇಕು. ವಿಮರ್ಶಕನಿಗೆ ಪೂರ್ತಿ ಅಧಿಕಾರ ಇದೆ, ತನ್ನ ಸರದಿ ಬಂದಾಗ.

ಆ ಸರದಿ ಬಂದಾಗ ಏನು ಕೇಳಬೇಕು ಎಂಬುದು ನನ್ನ ಮಟ್ಟಿಗೆ ಈ ಕತೆಯ ಹೆಚ್ಚು ಬೆಲೆಯ ಭಾಗ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆತ್ಮಸಾಕ್ಷಿ ಒಪ್ಪದು ಎಂದು ಸೇನೆ ಸೇರಲು ನಿರಾಕರಿಸಿದ ತರುಣರು ತಮ್ಮ ನಂಬಿಕೆಯನ್ನು ಬರವಣಿಗೆಯಲ್ಲಿ ಮಂಡಿಸಬೇಕಿತ್ತು. ಎಲ್ಬೋ ಅಂಥವರಿಗೆ ನೆರವಾದರು. ಆ ಹಾಳೆಯನ್ನು ಯಾರೂ ಅಂಕ ಹಾಕಲು ಓದುತ್ತಿರಲಿಲ್ಲ. ಓದಿದವರು ನಂಬಿದರೇ, ಇಲ್ಲವೇ ಎಂಬುದೇ ಪ್ರಶ್ನೆ. ಅಲಂಕಾರದ ಮಾತು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಅನುಭವದಿಂದ 1968ರಲ್ಲಿ ಬರವಣಿಗೆ ಕಲಿಸುವ ಬಗ್ಗೆ ಅವರ ಲೇಖನ ಬಂತು. ಅಲ್ಲಿಂದ ತಿಳಿಯುವುದು ಇಷ್ಟು: ‘ಇದು ಚೆನ್ನಾಗಿದೆಯೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಅದು ಬರೆಯುವವನನ್ನು ತಿನ್ನುತ್ತದೆ. ‘ಇದು ಓದುವವರಲ್ಲಿ ಏನು ಮಾಡುತ್ತದೆ?’ ಎಂಬುದಕ್ಕೆ ಉತ್ತರ ಹುಡುಕಬಹುದು. ಅವರ ಪುಸ್ತಕದಲ್ಲಿ ಮೇಷ್ಟರಿಲ್ಲದ ತರಗತಿಯ ಮಾತಿದೆ. ಅಲ್ಲಿ ಕೂತವರು ತೀರ್ಪು ಕೊಡುವುದಿಲ್ಲ. ಓದುತ್ತಾ ಹೋದಂತೆ ಎಲ್ಲಿ ಮನಸ್ಸು ತೊಡಗಿತು, ಎಲ್ಲಿ ಜಾರಿತು, ಎಲ್ಲಿ ಅನುಮಾನ ಬಂತು ಎಂದು ಹೇಳುತ್ತಾರೆ. ತನ್ನನ್ನು ತಾನೇ ವಿಮರ್ಶಿಸಿಕೊಳ್ಳುವುದಕ್ಕೂ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

1980ರಲ್ಲಿ ಮೈಕ್ ರೋಸ್ ಎಂಬ ಸಂಶೋಧಕರು ಲಾಸ್ ಏಂಜಲೀಸಿನ ಹತ್ತು ವಿದ್ಯಾರ್ಥಿಗಳ ಬಗ್ಗೆ ಬರೆದರು. ಐವರು ಬರೆಯಲಾಗದೆ ಒದ್ದಾಡುವವರು, ಐವರು ಸಲೀಸಾಗಿ ಬರೆಯುವವರು. ಒದ್ದಾಡುವವರು ಮೊದಲ ಸಾಲೇ ಓದುಗರನ್ನು ಹಿಡಿದಿಡಬೇಕು ಎಂಬಂಥ ನಿಯಮಗಳನ್ನು ಅಳ್ಳಾಡದ ಕಟ್ಟಳೆಯಾಗಿ ಹೊತ್ತುಕೊಂಡಿದ್ದರು. ಉಳಿದವರಿಗೂ ನಿಯಮಗಳಿದ್ದವು, ಬೇಕಾದಾಗ ಸಡಿಲಿಸಬಲ್ಲಂಥವು. ಎಲ್ಬೋ ತಮ್ಮೊಬ್ಬರೊಳಗೆ ಕಂಡದ್ದು ಇನ್ನೊಂದು ದಾರಿಯಿಂದ ಇಲ್ಲಿ ಕಾಣಿಸಿತು.

ಎಲ್ಬೋ ಅವರ ಪದ್ಧತಿಗೆ ವಿರೋಧವೂ ಇತ್ತು. ಬರವಣಿಗೆ ಕಲಿಸುವ ಇನ್ನೊಬ್ಬ ಪ್ರಾಧ್ಯಾಪಕ ಡೇವಿಡ್ ಬಾರ್ಥೊಲೊಮೆ, ವಿಶ್ವವಿದ್ಯಾಲಯದಲ್ಲಿ ಕಲಿಸಬೇಕಾದದ್ದು ವಿದ್ವತ್ತಿನ ಬರವಣಿಗೆಯನ್ನು ಎಂದು ವಾದಿಸಿದರು. ಆ ವಾದಕ್ಕೆ ತೂಕವಿದೆ, ಆದರೆ ಹಾಳೆಯ ಮೇಲೆ ಏನೂ ಮೂಡದವನಿಗೆ ಅದು ನೆರವಾಗದು.

ಹುಟ್ಟಿಸುವ, ತಿದ್ದುವ ಸರದಿಗಳನ್ನು ಭಾಷೆಗೂ ಅನ್ವಯಿಸಿ, ಎಲ್ಬೋ 1999ರ ಒಂದು ಲೇಖನದಲ್ಲಿ ವಿದ್ಯಾರ್ಥಿಗಳು ಮೊದಲ ಕರಡನ್ನು ಮನೆಮಾತಿನಲ್ಲೇ ಬರೆಯಲಿ, ಕೊನೆಯಲ್ಲಿ ಮಾತ್ರ ಶಿಷ್ಟ ಇಂಗ್ಲಿಷಿಗೆ ತಿದ್ದಿಕೊಳ್ಳಲಿ ಎಂದರು. 2012ರ ‘ವರ್ನಾಕ್ಯುಲರ್ ಎಲೊಕ್ವೆನ್ಸ್’ ಪುಸ್ತಕ ಇದರ ವಿಸ್ತಾರ: ಹುಟ್ಟಿಸುವಾಗ ಆಡುಮಾತಿನ ಓಘ, ತಿದ್ದುವಾಗ ಗಟ್ಟಿಯಾಗಿ ಓದಿ ಕಿವಿಯಿಂದ ಪರೀಕ್ಷೆ. ಇದು ನಮಗೆ ನೇರವಾಗಿ ತಾಕುವ ಮಾತು. ಧಾರವಾಡದ, ಕುಂದಾಪುರದ, ಚಾಮರಾಜನಗರದ ಮಗು ಮನೆಯಲ್ಲಿ ಆಡುವ ಕನ್ನಡ ಒಂದು, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇನ್ನೊಂದು. ಹೇಳಬೇಕಾದದ್ದು ನಾಲಿಗೆಯ ಮೇಲಿದ್ದರೂ, ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸುವ ಆತಂಕದಲ್ಲಿ ಮಗು ಗೈಡಿನ ವಾಕ್ಯಕ್ಕೆ ಮೊರೆಹೋಗುತ್ತದೆ. ಪ್ರಬಂಧದ ಪಿರಿಯಡ್ಡಿನಲ್ಲಿ ಮೊದಲ ಹತ್ತು ನಿಮಿಷ ಅದು ತನ್ನ ಕನ್ನಡದಲ್ಲೇ ಬರೆದುಕೊಳ್ಳಲಿ. ಆಮೇಲೆ ಅದೇ ಹಾಳೆಯನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಲಿ, ಅವರಿಗೆ ಅರ್ಥವಾಗದ್ದನ್ನು ಬಿಡಿಸಿ ಬರೆಯಲಿ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರಗಳನ್ನು ನೋಡುವುದು ಆಗ.