ಐವತ್ತು ಹೆಂಗಸರು ಕಾದ ಕೋಟೆ

ಕೀನ್ಯಾದ ಬಂದರು ಪಟ್ಟಣ ಮೊಂಬಾಸಾದ ಫೋರ್ಟ್ ಜೀಸಸ್, ಪೋರ್ಚುಗೀಸರ ಕೋಟೆ ಎಂದೇ ಪ್ರಸಿದ್ಧ. ಕಟ್ಟಿಸಿದವರು ಅವರೇ, ಅದರಲ್ಲಿ ಅನುಮಾನವಿಲ್ಲ. 1593ರಲ್ಲಿ ಕೆಲಸ ಶುರುವಾಯಿತು. ನಕ್ಷೆ ಇಟಲಿಯ ಜೊವಾನ್ನಿ ಬತ್ತಿಸ್ತಾ ಕೈರಾತಿಯದು. ಹವಳದ ದಿಬ್ಬದ ಮೇಲೆ ಹವಳಗಲ್ಲಿನ ಗೋಡೆ; ಮೇಲಿನಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನ ಆಕಾರ. ಆದರೆ ಕೋಟೆ ಯಾರದೆಂದು ಹೇಳಬೇಕಾದದ್ದು ಹಣ ಸುರಿದವರನ್ನು ನೋಡಿಯೋ, ಸಾವು ಎದುರಿದ್ದಾಗ ಗೋಡೆಯ ಮೇಲೆ ನಿಂತವರನ್ನು ನೋಡಿಯೋ? ಒಮಾನಿನ ಅರಬರು 1696ರ ಮಾರ್ಚ್‌ನಿಂದ 1698ರ ಡಿಸೆಂಬರ್‌ವರೆಗೆ ಹಾಕಿದ 33 ತಿಂಗಳ ಮುತ್ತಿಗೆ ಎರಡನೆಯವರತ್ತ ಬೊಟ್ಟು ಮಾಡುತ್ತದೆ.

ಮುತ್ತಿಗೆ ಬಿದ್ದಾಗ ಒಳಗಿದ್ದ ಪೋರ್ಚುಗೀಸ್ ಸೈನಿಕರು ನೂರಕ್ಕೂ ಕಡಿಮೆ. ಆಸರೆಗೆಂದು ಒಳಸೇರಿದ್ದ ಕರಾವಳಿಯ ಸ್ವಾಹಿಲಿ ಜನ ಅವರಿಗಿಂತ ಎಷ್ಟೋ ಹೆಚ್ಚು. ಆ ವರ್ಷದ ಕೊನೆಗೆ ಗೋವಾದಿಂದ ನೆರವು ಬಂತು. ಆದರೆ ಫಿರಂಗಿಗೆ ಜಗ್ಗದ ಗೋಡೆಯೊಳಗೆ ರೋಗ ಹೊಕ್ಕಿತ್ತು. 1697ರ ಆಗಸ್ಟ್ ಮುಗಿಯುವ ಹೊತ್ತಿಗೆ ಪೋರ್ಚುಗೀಸ್ ಕಾವಲುಪಡೆ ಮಣ್ಣಾಗಿತ್ತು. ಕದ ತೆರೆದು ಶರಣಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತೆರೆಯಲಿಲ್ಲ. ಅದೇ ಕರಾವಳಿಯ ಫಾಜಾ ಪಟ್ಟಣದ ಅರಸು ಮನೆತನದ ಶೇಖ್ ದಾವೂದ್, ಅವನ 17 ಬಂಧುಗಳು, 8 ಮಂದಿ ಆಫ್ರಿಕನ್ ಗಂಡಸರು, 50 ಮಂದಿ ಆಫ್ರಿಕನ್ ಹೆಂಗಸರು ಕೋಟೆಯನ್ನು ಹಿಡಿದು ನಿಂತರೆಂದು ಇತಿಹಾಸ ಹೇಳುತ್ತದೆ. ಲೆಕ್ಕ ಹಾಕಿದರೆ ಕಾವಲಿಗಿದ್ದವರಲ್ಲಿ ಮೂವರಿಗೆ ಇಬ್ಬರು ಹೆಂಗಸರು. ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ಹಡಗು ಬರುವವರೆಗೆ ಅಲ್ಲಿ ಪೋರ್ಚುಗಲ್ಲಿನದೆಂದು ಉಳಿದದ್ದು ಬಾವುಟ ಮಾತ್ರ.

ದಾವೂದ್ ಕಾದಿದ್ದು ತನ್ನ ಹಗೆಗಾಗಿ ತಾನೇ ಎಂದು ಯಾರಾದರೂ ಕೇಳಬಹುದು. ನಿಜ, ಫಾಜಾಕ್ಕೂ ನೆರೆಯ ಪಾಟೆಗೂ ಹಳೆಯ ವೈರ. ಪಾಟೆ ಒಮಾನಿನ ಪಕ್ಷ. ಆದರೆ ಇದರಿಂದ ವಾದ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ: ಅದು ಎರಡು ಪರದೇಶಗಳ ಜಗಳವಷ್ಟೇ ಅಲ್ಲ, ಕರಾವಳಿಯವರದೇ ಯುದ್ಧವೂ ಹೌದು. ಹೆಂಗಸರಿಗೆ ಬೇರೆ ದಾರಿಯಿತ್ತೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ದಾರಿಯಿಲ್ಲದೆ ಕಾದವರೂ ಕಾದವರೇ. ಗೋವಾದ ಹಡಗುಗಳಿಲ್ಲದೆ ಕೋಟೆ ಇಷ್ಟು ದಿನ ನಿಲ್ಲುತ್ತಿತ್ತೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ನಿಲ್ಲುತ್ತಿರಲಿಲ್ಲ. ಆದರೆ ಹಡಗು ಉಳಿಸಬಲ್ಲದ್ದು ಒಳಗೆ ಜನ ಇರುವ ಕೋಟೆಯನ್ನು. 1698ರ ಡಿಸೆಂಬರ್ 13ರಂದು ಬೆರಳೆಣಿಕೆಯ ಮಂದಿಯಷ್ಟೇ ಉಳಿದಿದ್ದಾಗ ಕೋಟೆ ಬಿತ್ತು. ಕೆಲವೇ ದಿನಗಳಲ್ಲಿ ಬಂದ ನೆರವಿನ ಹಡಗುಗಳು ಒಮಾನಿನ ಬಾವುಟ ಕಂಡು ಹಿಂದಿರುಗಿದವು.

ಮುಂದೆ ಬ್ರಿಟಿಷರು ಅದನ್ನು ಸೆರೆಮನೆ ಮಾಡಿದರು. ಈಗ ಅದು ವಸ್ತು ಸಂಗ್ರಹಾಲಯ, 2011ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. 1697ರಲ್ಲಿ ಕೋಟೆಯ ಬುಡದಲ್ಲೇ ಮುಳುಗಿದ, ನಮ್ಮ ವಸಾಯಿಯಲ್ಲಿ ಕಟ್ಟಿದ್ದ 'ಸಾಂತೊ ಅಂತೋನಿಯೊ ದೆ ತಾನಾ' ಹಡಗಿನಿಂದ ಮೇಲೆತ್ತಿದ ಸಾಮಾನುಗಳೂ ಅಲ್ಲಿವೆ. ಹಡಗಿಗೆ ಹೆಸರಿದೆ, ಕೊತ್ತಲಗಳಿಗೆ ಸಂತರ ಹೆಸರುಗಳಿವೆ, ದಾವೂದನ ಹೆಸರೂ ಉಳಿದಿದೆ. ಆ ಹೆಂಗಸರಿಗೆ ದಕ್ಕಿದ್ದು 50 ಎಂಬ ಅಂಕಿ.