ಹಳೆ ಟ್ಯಾಬ್ ಸಾಕಾ, ಹೊಸದೇ ಬೇಕಾ? ಅಂಗಡಿಗೆ ಹೋಗೋ ಮುಂಚೆ ಹಾಕಬೇಕಾದ ಲೆಕ್ಕ

ಇವತ್ತಿನ ವಿಷಯ ಸಣ್ಣದು, ಆದರೆ ಮನೆಮನೆಯಲ್ಲೂ ಬರುವಂಥದ್ದು. ಅಂಗಡಿಯಲ್ಲಿ ಎರಡು ಟ್ಯಾಬ್ ಇವೆ. ಒಂದು ಹಳೆ ಮಾಡೆಲ್, ಅಗ್ಗ. ಇನ್ನೊಂದು ಅದರ ಮುಂದಿನ ಮಾಡೆಲ್, ತುಟ್ಟಿ. ಯಾವುದು ತಗೋಬೇಕು?

ಹೋದ ತಿಂಗಳು ಶಿರೂರಿನ ಪೇಟೆಯಲ್ಲಿ ನಾನೇ ಈ ಪ್ರಶ್ನೆ ಮುಂದೆ ನಿಂತಿದ್ದೆ. ನಮ್ಮ ಕರಾವಳಿಯ ಶಿರೂರು ಅಲ್ಲ, ಇದು ಪುಣೆ ಜಿಲ್ಲೆಯ ಶಿರೂರು. ಅಹಿಲ್ಯಾನಗರದ ರಸ್ತೆಯಲ್ಲಿ ರಾಂಜಣಗಾವ್ ದಾಟಿದರೆ ಘೋಡ್ ನದಿಯ ದಂಡೆಗೆ ಸಿಗುವ ಊರು. ಎರಡು ಡಬ್ಬಿಗಳ ನಡುವೆ ಸುಮಾರು ಆರು ಸಾವಿರ ರೂಪಾಯಿ ವ್ಯತ್ಯಾಸ. ಅಂಗಡಿಯವರು ಮರಾಠಿಯಲ್ಲಿ ಹೇಳಿದರು: "ಜುನಂ ಮಾಡೆಲ್ ಘ್ಯಾ ಸರ್, ಸ್ವಸ್ತ ಪಡೇಲ್." ಹಳೇದು ತಗೊಳ್ಳಿ, ಅಗ್ಗ ಬೀಳುತ್ತೆ ಅಂತ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎಷ್ಟು ದಿನಕ್ಕೆ ಅಗ್ಗ ಅನ್ನೋದನ್ನ ನಾವೇ ಕೇಳ್ಕೋಬೇಕು.

ನನಗೆ ಟ್ಯಾಬ್ ಬೇಕಾಗಿದ್ದು ಯಾಕೆ ಅಂತ ಮೊದಲು ಹೇಳ್ತೀನಿ. ನನ್ನ ಮಗಳು ಎರಡನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ. ಮನೆಯಲ್ಲಿ ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಅದಕ್ಕೆ ದಿನಾ ಸಂಜೆ ಏಳಕ್ಕೆ ವಿಜಯಪುರದಿಂದ ನಮ್ಮವ್ವ ವಿಡಿಯೊ ಕಾಲ್‌ನಲ್ಲಿ ಕಾಗುಣಿತ, ಒತ್ತಕ್ಷರ ಹೇಳಿಕೊಡ್ತಾರೆ. ಈ ಪಾಠಕ್ಕೆ ಅಂತ ಎರಡು ವರ್ಷದ ಹಿಂದೆ ದುಡ್ಡು ಉಳಿಸೋಕೆ ಹೋಗಿ, ಆಗಲೇ ಹಳೆಯದಾಗಿದ್ದ ಒಂದು ಟ್ಯಾಬ್ ತಂದಿದ್ದೆ. 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ಕಾಲ್ ನಡೀತಿರುವಾಗ ಪಠ್ಯಪುಸ್ತಕದ ಪಿಡಿಎಫ್ ತೆರೆದರೆ ಕಾಲ್ ಕಟ್ ಆಗ್ತಿತ್ತು. ಮೇಲಾಗಿ, ಸ್ಟ್ಯಾಂಡಿನಲ್ಲಿ ಅಡ್ಡ ಇಟ್ಟರೆ ಕ್ಯಾಮೆರಾ ಒಂದು ಪಕ್ಕಕ್ಕೆ ಹೋಗೋದು. ಅವ್ವ ಕೇಳೋರು: "ಕೂಸು ನನ್ನ ಕಡೆ ನೋಡಂಗೇ ಇಲ್ಲಲ್ಲೋ, ಯಾಕ ಮಾರಿ ಆ ಕಡೆ ಮಾಡ್ಕೊಂಡು ಕುಂತಾಳ?" ಕೊನೆಗೆ ಎರಡು ವಾರ ಪಾಠವೇ ನಿಂತುಹೋಯ್ತು. ಮತ್ತೆ ಶುರು ಮಾಡಿದಾಗ ಮಗಳು ಒತ್ತಕ್ಷರ ಅರ್ಧ ಮರೆತಿದ್ದಳು. ನಾನು ಉಳಿಸಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ಆಗ ಗೊತ್ತಾಯ್ತು.

ಸರಿ, ಹಳೇದು ಮತ್ತು ಹೊಸದರ ನಡುವೆ ನಿಜವಾಗಿ ಏನು ಬದಲಾಗುತ್ತೆ? ನಮ್ಮಲ್ಲಿ ಬಹಳ ಜನ ಬಳಸುವ ಒಂದು ಜೋಡಿ ತಗೊಳ್ಳೋಣ: ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ8 ಮತ್ತು ಎ9 ಪ್ಲಸ್. ಎ8 ಭಾರತಕ್ಕೆ ಬಂದಿದ್ದು 2022ರ ಜನವರಿಯಲ್ಲಿ, ಎ9 ಪ್ಲಸ್ 2023ರ ಅಕ್ಟೋಬರ್‌ನಲ್ಲಿ. ಎರಡರಲ್ಲೂ ಬ್ಯಾಟರಿ 7040 ಎಂಎಎಚ್. ಚಾರ್ಜಿಂಗ್ 15 ವ್ಯಾಟ್. ಹಿಂದಿನ ಕ್ಯಾಮೆರಾ 8, ಮುಂದಿನದು 5 ಮೆಗಾಪಿಕ್ಸೆಲ್. ರೆಸಲ್ಯೂಷನ್ 1920×1200. ನಾಲ್ಕು ಸ್ಪೀಕರ್, ಹೆಡ್‌ಫೋನ್ ಜ್ಯಾಕ್, ಮೆಮೊರಿ ಕಾರ್ಡ್ ಜಾಗ ಎರಡರಲ್ಲೂ ಇವೆ. ಇಷ್ಟನ್ನೇ ನೋಡಿದರೆ ಹೆಚ್ಚಿನ ದುಡ್ಡು ಯಾಕೆ ಕೊಡಬೇಕು ಅನ್ಸುತ್ತೆ.

ವ್ಯತ್ಯಾಸ ಇರೋದು ಒಳಗೆ. ಎ8ರ ಪ್ರೊಸೆಸರ್ 12 ನ್ಯಾನೊಮೀಟರ್‌ನ ಯುನಿಸಾಕ್ ಟಿ618. ಎ9 ಪ್ಲಸ್‌ನದು 6 ನ್ಯಾನೊಮೀಟರ್‌ನ ಸ್ನ್ಯಾಪ್‌ಡ್ರ್ಯಾಗನ್ 695. ಸ್ಕ್ರೀನ್ 10.5 ಇಂಚಿನಿಂದ 11 ಇಂಚಿಗೆ, 60 ಹರ್ಟ್ಸ್‌ನಿಂದ 90 ಹರ್ಟ್ಸ್‌ಗೆ ಹೋಯ್ತು. ರ್‍ಯಾಮ್ ಎ8ರಲ್ಲಿ 3 ಅಥವಾ 4 ಜಿಬಿ, ಎ9 ಪ್ಲಸ್‌ನಲ್ಲಿ 4 ಅಥವಾ 8 ಜಿಬಿ. ಎ8 ಆಂಡ್ರಾಯ್ಡ್ 11ರಿಂದ ಹೊರಟು 14ಕ್ಕೆ ಬಂದು ನಿಂತಿತು. ಎ9 ಪ್ಲಸ್ 13ರಿಂದ ಹೊರಟು 14, 15 ದಾಟಿದೆ.

ಇದರಲ್ಲಿ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳೋದು 90 ಹರ್ಟ್ಸ್. ಕಾಗುಣಿತ ಕಲಿಯೋಕೆ ಅದು ಬೇಕಾಗಿಲ್ಲ. ಟ್ಯಾಬ್ ಎಷ್ಟು ವರ್ಷ ಬಾಳುತ್ತೆ ಅನ್ನೋದನ್ನ ಬೇರೆ ನಾಲ್ಕು ವಿಷಯ ತೀರ್ಮಾನಿಸುತ್ತವೆ.

ಒಂದು, ರ್‍ಯಾಮ್. ಇದನ್ನ ಕೆಲಸ ಮಾಡೋ ಮೇಜು ಅಂದ್ಕೊಳ್ಳಿ. ಮೇಜು ತುಂಬಿದರೆ ಆಂಡ್ರಾಯ್ಡ್ ಹಿಂದೆ ಇರೋ ಆ್ಯಪನ್ನ ಎತ್ತಿ ಕೆಳಗೆ ಇಡುತ್ತೆ. ನಮ್ಮ ವಿಡಿಯೊ ಕಾಲ್ ಕಟ್ ಆಗ್ತಿದ್ದದ್ದು ಇದೇ ಕಾರಣಕ್ಕೆ. ಒಂದೇ ಆ್ಯಪ್ ಬಳಸೋರಿಗೆ 3 ಜಿಬಿ ನಡೆಯುತ್ತೆ. ಕಾಲ್ ಮತ್ತು ಪುಸ್ತಕ ಒಟ್ಟಿಗೆ ಬೇಕಂದ್ರೆ 4 ಜಿಬಿಗಿಂತ ಕೆಳಗೆ ಇಳಿಯಬೇಡಿ. ಆಮೇಲೆ ಹೆಚ್ಚಿಸಿಕೊಳ್ಳೋಣ ಅನ್ನೋ ಹಾಗಿಲ್ಲ, ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತೆ.

ಎರಡು, ಸ್ಟೋರೇಜ್. ಡಬ್ಬಿ ಮೇಲೆ 32 ಜಿಬಿ ಅಂತ ಇದ್ದರೂ ಸಿಸ್ಟಮ್ ತನ್ನ ಪಾಲು ತಗೊಂಡ ಮೇಲೆ ಉಳಿದದ್ದು ಮಾತ್ರ ನಮ್ಮದು. ಮೆಮೊರಿ ಕಾರ್ಡಿನಲ್ಲಿ ವಿಡಿಯೊ, ಪಿಡಿಎಫ್ ಇಡಬಹುದು. ಆದರೆ ಎಷ್ಟೋ ಆ್ಯಪ್‌ಗಳು ಅಲ್ಲಿಗೆ ಹೋಗಲ್ಲ.

ಮೂರು, ಸೆಕ್ಯುರಿಟಿ ಅಪ್‌ಡೇಟ್. ಈ ಗಡಿಯಾರ ಶುರುವಾಗೋದು ಮಾಡೆಲ್ ಮಾರುಕಟ್ಟೆಗೆ ಬಂದ ದಿನ. ನಾವು ಕೊಂಡ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡು ವರ್ಷ ಹಳೆಯ ಮಾಡೆಲನ್ನ ಹೊಸ ಡಬ್ಬಿಯಲ್ಲಿ ತಂದರೂ ಎರಡು ವರ್ಷ ಆಗಲೇ ಖರ್ಚಾಗಿರುತ್ತೆ. ಮನೆಯಲ್ಲಿ ಅಪ್ಪ ಯುಪಿಐ, ಬ್ಯಾಂಕ್ ಆ್ಯಪ್ ಬಳಸೋದಾದರೆ ಇದನ್ನ ಹಗುರವಾಗಿ ತಗೋಬೇಡಿ.

ನಾಲ್ಕು, ಬ್ಯಾಟರಿ. ಲಿಥಿಯಂ ಬ್ಯಾಟರಿ ಬಳಸದೇ ಇಟ್ಟರೂ ನಿಧಾನಕ್ಕೆ ಮುಪ್ಪಾಗುತ್ತೆ. ಡಬ್ಬಿ ಮೇಲೆ ತಯಾರಾದ ಅಥವಾ ಆಮದಾದ ತಿಂಗಳು, ವರ್ಷ ಇರುತ್ತೆ, ತಿರುಗಿಸಿ ನೋಡಿ.

"ಕನ್ನಡ ಚೆನ್ನಾಗಿ ಬರೋಕೆ ತುಟ್ಟಿ ಟ್ಯಾಬ್ ಬೇಕಾ?" ಅಂತ ಗೆಳೆಯರು ಕೇಳ್ತಾರೆ. ಬೇಡ. ಆಂಡ್ರಾಯ್ಡ್‌ಗೆ ಕನ್ನಡ ಲಿಪಿ ಬಂದಿದ್ದು 2012ರಲ್ಲಿ, 4.1 ಆವೃತ್ತಿಯಲ್ಲಿ. ಮೆನುಗಳೇ ಕನ್ನಡದಲ್ಲಿ ಸಿಕ್ಕಿದ್ದು 2014ರ 5.0 ಆವೃತ್ತಿಯಲ್ಲಿ. ಆ್ಯಪಲ್‌ನಲ್ಲಿ ಕನ್ನಡ ಕೀಬೋರ್ಡ್ ಬಂದಿದ್ದು 2017ರಲ್ಲಿ. ಬೆರಳಲ್ಲಿ ಬರೆದರೆ ಕನ್ನಡ ಅಕ್ಷರ ಗುರುತಿಸುವ ಸೌಲಭ್ಯ ಜಿಬೋರ್ಡ್‌ನಲ್ಲಿ ಉಚಿತವಾಗೇ ಇದೆ. ಇವತ್ತು ಅಂಗಡಿಯಲ್ಲಿ ಸಿಗೋ ಅತಿ ಅಗ್ಗದ ಟ್ಯಾಬಿನಲ್ಲೂ ಕ್ಷ, ಜ್ಞ, ಸ್ತ್ರೀ ಸರಿಯಾಗೇ ಮೂಡುತ್ತವೆ.

ಹೊಸದು ಎಲ್ಲದರಲ್ಲೂ ಮೇಲು ಅಂತಲೂ ಅಲ್ಲ. ಐಪ್ಯಾಡ್ ಒಂಬತ್ತನೇ ತಲೆಮಾರು 2021ರಲ್ಲಿ ಭಾರತದಲ್ಲಿ 30,900 ರೂಪಾಯಿಗೆ ಶುರುವಾಯ್ತು. ಹತ್ತನೆಯದು 2022ರಲ್ಲಿ 44,900 ರೂಪಾಯಿಗೆ ಬಂತು. ಈ 14,000 ರೂಪಾಯಿಗೆ ಯುಎಸ್‌ಬಿ-ಸಿ ಸಿಕ್ಕಿತು, ಸ್ವಲ್ಪ ದೊಡ್ಡ ಸ್ಕ್ರೀನ್ ಸಿಕ್ಕಿತು. ಮುಂದಿನ ಕ್ಯಾಮೆರಾ ಉದ್ದನೆಯ ಅಂಚಿಗೆ ಬಂತು, ಅಂದ್ರೆ ಅಡ್ಡ ಇಟ್ಟರೂ ಮಗು ಅಜ್ಜಿಯನ್ನೇ ನೋಡಿದ ಹಾಗೆ ಕಾಣುತ್ತೆ. ಆದರೆ ಹೆಡ್‌ಫೋನ್ ಜ್ಯಾಕ್ ಹೋಯ್ತು. ಸ್ಟೋರೇಜ್ ಅದೇ 64 ಜಿಬಿಯಿಂದಲೇ ಶುರು. ವಿಡಿಯೊ ಕಾಲ್ ಮಾಡೋರಿಗೆ ಹೊಸದು ಲಾಭ. ಬರೀ ಓದೋರಿಗೆ, ಪಾಠ ಕೇಳೋರಿಗೆ ಹಳೆಯದರಲ್ಲಿ ಏನೂ ಕಡಿಮೆ ಇರಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2011ರ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ ನೆನಪಿದೆಯಾ? 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, ಬೆರಳು ಒತ್ತಿದರೆ ಮಾತ್ರ ಸ್ಪಂದಿಸುವ ಸ್ಕ್ರೀನ್. ಮರುವರ್ಷ ನವೆಂಬರ್‌ನಲ್ಲಿ ಬಂದ ಆಕಾಶ್ 2ರಲ್ಲಿ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ್‍ಯಾಮ್, ಮುಟ್ಟಿದರೆ ಸಾಕು ಅನ್ನುವ ಸ್ಕ್ರೀನ್ ಇತ್ತು. ಅಂಥ ಕಡೆ ಹೊಸದನ್ನ ತಗೊಳ್ಳೋಕೆ ಯೋಚನೆ ಮಾಡೋದೇ ಬೇಡ, ಬಳಸುವ ರೀತಿಯೇ ಬದಲಾಗಿತ್ತು.

ಈಗ ಲೆಕ್ಕ. ಹಳೇದಕ್ಕೆ 12,000, ಅಪ್‌ಡೇಟ್ ಇನ್ನು 2 ವರ್ಷ ಉಳಿದಿದೆ ಅಂದ್ಕೊಳ್ಳಿ. ವರ್ಷಕ್ಕೆ 6,000 ಬಿತ್ತು. ಹೊಸದಕ್ಕೆ 18,000, 4 ವರ್ಷ ಉಳಿದಿದೆ. ವರ್ಷಕ್ಕೆ 4,500. ತುಟ್ಟಿಯದೇ ಅಗ್ಗ ಆಯ್ತು. ಅದೇ ಹಳೇದು 7,000ಕ್ಕೆ ಸಿಕ್ಕರೆ ವರ್ಷಕ್ಕೆ 3,500, ಆಗ ಹಳೇದೇ ಗೆಲ್ಲುತ್ತೆ. ಬೆಲೆಯನ್ನ ಉಳಿದ ವರ್ಷಗಳಿಂದ ಭಾಗಿಸಿ, ಅಷ್ಟೇ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳಿನದು ಅಂತ ನೋಡಿ. ಮಾಡೆಲ್ ಯಾವಾಗ ಬಂತು, ಎಷ್ಟು ವರ್ಷ ಅಪ್‌ಡೇಟ್ ಅಂತ ಕಂಪನಿಯ ಪುಟದಲ್ಲಿ ಓದ್ಕೊಂಡೇ ಹೋಗಿ.

ನಾನು ಹೊಸದನ್ನೇ ತಂದೆ. ಆದರೆ ಸಿಮ್ ಹಾಕುವ ಮಾಡೆಲ್ ಬಿಟ್ಟು ಬರೀ ವೈಫೈ ಇರೋದು ತಗೊಂಡು ಒಂದಿಷ್ಟು ಉಳಿಸಿದೆ. ಕರೆಂಟ್ ಹೋಗಿ ರೌಟರ್ ಆರಿದರೆ ನನ್ನ ಫೋನಿನ ಹಾಟ್‌ಸ್ಪಾಟ್ ಇದ್ದೇ ಇದೆ.

ಹಳೆ ಟ್ಯಾಬನ್ನ ಪೂರ್ತಿ ರೀಸೆಟ್ ಮಾಡಿ, ಒಂದು ಹೊಸ ಅಕೌಂಟ್ ಹಾಕಿ ವಿಜಯಪುರಕ್ಕೆ ಕೊಟ್ಟು ಬಂದೆ. ಅದರಲ್ಲಿರೋದು ವಿಡಿಯೊ ಕಾಲ್ ಆ್ಯಪ್ ಒಂದೇ. ಬ್ಯಾಂಕ್ ಇಲ್ಲ, ಯುಪಿಐ ಇಲ್ಲ. ಅವ್ವ ಅದನ್ನ ಉದ್ದಕ್ಕೆ ನಿಲ್ಲಿಸಿ ಇಟ್ಕೋತಾರೆ, ಹಾಗಾಗಿ ಕ್ಯಾಮೆರಾ ಮೇಲೇ ಇರುತ್ತೆ, ಮುಖ ನೇರ ಕಾಣುತ್ತೆ. ಇಲ್ಲಿ ಮೂರು ಕೆಲಸ ಮಾಡಲಾರದೆ ಸೋತ ಟ್ಯಾಬ್ ಅಲ್ಲಿ ಒಂದೇ ಕೆಲಸವನ್ನ ಚೆನ್ನಾಗಿ ಮಾಡ್ತಿದೆ. ಹಾಗಾಗಿ ಯಾವ ಟ್ಯಾಬ್ ಒಳ್ಳೇದು ಅಂತ ಕೇಳೋ ಮುಂಚೆ, ಯಾರ ಕೈಗೆ, ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ ಅಂತ ಕೇಳ್ಕೊಳ್ಳಿ.

ಮೊನ್ನೆ ಸಂಜೆ ಮಗಳು "ಅಜ್ಜಿ, ಅಕ್ಕ, ಅಪ್ಪ" ಮೂರನ್ನೂ ತಪ್ಪಿಲ್ಲದೆ ಬರೆದು ಕ್ಯಾಮೆರಾಗೆ ಹಿಡಿದಳು. ಆ ಕಡೆಯಿಂದ ಅವ್ವ "ಈಗ ಸರಿ ಕಾಣ್ತೈತಿ ನೋಡು" ಅಂದರು. ಅಕ್ಷರಕ್ಕೆ ಹೇಳಿದರೋ, ಮೊಮ್ಮಗಳ ಮುಖಕ್ಕೆ ಹೇಳಿದರೋ, ನಾನು ಕೇಳೋಕೆ ಹೋಗಲಿಲ್ಲ.